ಕೊನೆಯ ಅಧ್ಯಾಯಕ್ಕೆ ಮೊದಲು ಪುಸ್ತಕ ಮುಚ್ಚುತ್ತಿದ್ದ ಹರಿಹರದತ್ತೆ

ಹೋದ ಭಾನುವಾರ ಹರಿಹರದ ರೈಲ್ವೆ ಸ್ಟೇಷನ್ ಹತ್ತಿರ ಒಬ್ಬ ಗೋಣಿತಾಟಿನ ಮೇಲೆ ಹಳೇ ಪುಸ್ತಕ ಹರವಿಕೊಂಡು ಕೂತಿದ್ದ. ಪಂಚಾಂಗ, ಪಿಯುಸಿ ಗೈಡು, ಅಡುಗೆ ಪುಸ್ತಕಗಳ ಅಡಿಯಿಂದ ಒಂದು ತೆಳುವಾದ ಪತ್ತೇದಾರಿ ಕಾದಂಬರಿ ಇಣುಕುತ್ತಿತ್ತು. ಹಳದಿ ರಟ್ಟು, ಅದರ ಮೇಲೊಂದು ಟೀ ಕೆಟಲ್, ಪಕ್ಕದಲ್ಲಿ ಮಡಚಿಟ್ಟ ಕನ್ನಡಕ. ಎತ್ತಿಕೊಂಡು ಮೂಗಿನ ಹತ್ತಿರ ಹಿಡಿದೆ. ಹಳೇ ಕಾಗದ, ಒಗ್ಗರಣೆ ಎಣ್ಣೆ, ಅರಿಶಿನ... ಯಾರೋ ಮಂಡಕ್ಕಿ ತಿಂದ ಕೈಯಲ್ಲೇ ಪುಟ ತಿರುವಿದ್ದರು. ನಿಂತಲ್ಲೇ ಕಣ್ಣು ತುಂಬಿತು. ಮಾರುವವನಿಗೆ ಗಾಬರಿ. "ಬ್ಯಾಡಾದ್ರೆ ಇಟ್ಬಿಡ್ರಿ ಅಕ್ಕಾ, ಅದಕ್ಯಾಕ ಅಳ್ತೀರಿ" ಅಂದ.

ಕೊಂಡುಕೊಂಡೆ. ಈ ಪುಸ್ತಕದ ಬೇರೊಂದು ಪ್ರತಿಯನ್ನು ನಾನು ಹಿಂದೆ ನೋಡಿದ್ದೆ. ಇದರ ಕೊನೆ ಮಾತ್ರ ನನಗೆ ಗೊತ್ತಿರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ನಮ್ಮ ಹರಿಹರದತ್ತೆಯಿಂದ ಶುರು ಮಾಡಬೇಕು.

ದಾವಣಗೆರೆ ಜಿಲ್ಲೆಯಾದ ಹೊಸತು ಅದು. ನಾವು ನಿಜಲಿಂಗಪ್ಪ ಬಡಾವಣೆಯಲ್ಲಿದ್ದೆವು, ನಾನು ಪಿಯುಸಿ ಓದುತ್ತಿದ್ದೆ. ಪಕ್ಕದ ಮನೆಯಾಕೆ ಹರಿಹರದ ಹೆಣ್ಣುಮಗಳು, ಹಾಗಾಗಿ ಓಣಿಗೆಲ್ಲ ಆಕೆ ಹರಿಹರದತ್ತೆ. ನಮಗೆ ನೆಂಟರೇನಲ್ಲ. ಮಕ್ಕಳಿರಲಿಲ್ಲ. ಗಂಡ ದಿನಾ ಬಸ್ಸು ಹತ್ತಿ ಹರಿಹರದ ಕಾರ್ಖಾನೆಗೆ ಹೋಗಿಬರುತ್ತಿದ್ದರು. ಬರುವಾಗ ಅಲ್ಲಿನ ಬಾಡಿಗೆ ಪುಸ್ತಕದ ಲೈಬ್ರರಿಯಿಂದ ಹೆಂಡತಿಗೊಂದು ಪತ್ತೇದಾರಿ ಕಾದಂಬರಿ ತರುತ್ತಿದ್ದರು. ಬೇರೆಯವರ ಗಂಡಂದಿರು ಹೂವು ತರುತ್ತಿದ್ದರು, ಇವರು ಕೊಲೆ ತರುತ್ತಿದ್ದರು.

ಎಲ್ಲಾ ಕೊಲೆಯೂ ಆಗುತ್ತಿರಲಿಲ್ಲ ಅನ್ನಿ. ಪಿಸ್ತೂಲು, ಸ್ಮಗ್ಲರು, ಕ್ಯಾಬರೆ ಇದ್ದರೆ ಅತ್ತೆ ಮರುದಿನವೇ ವಾಪಸು ಕಳಿಸುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಸಣ್ಣ ಊರು, ಒಂದೇ ಒಂದು ಸಾವು, ಅದೂ ಬಾಗಿಲ ಹಿಂದೆ ಆಗಿಹೋಗಿರಬೇಕು. ಕಂಡುಹಿಡಿಯುವವರು ಪೊಲೀಸರಾಗಿರಬಾರದು, ರಿಟೈರಾದ ಮೇಷ್ಟ್ರೋ ಟೈಲರಿಂಗ್ ಕಲಿಸುವ ಮುದುಕಿಯೋ ಆಗಿರಬೇಕು. ನಡುನಡುವೆ ಟೀ ಕುಡಿಯಬೇಕು, ಚಾಡಿ ಹೇಳಬೇಕು. ಇಂಥವಕ್ಕೆ ಈಗ ಕೋಜಿ ಮಿಸ್ಟರಿ ಅಂತ ಹೆಸರಿದೆಯಂತೆ, ನನ್ನ ಮಗಳು ಹೇಳಿದಳು. ಬೆಚ್ಚಗೆ ಕೂತು ಓದೋ ಕೊಲೆ. ಅತ್ತೆ ಇದನ್ನು ಆಗಲೇ ಇನ್ನೂ ಚೆನ್ನಾಗಿ ಹೇಳಿದ್ದರು. "ಇದ್ರಾಗ ನೋಡು, ಯಾರು ಸತ್ರೂ ಉಳಿದೋರು ಊಟ ಬಿಡಂಗಿಲ್ಲ. ನಮ್ಮ ಓಣಿ ಇದ್ದಂಗೆ ಐತೆ."

ಮಧ್ಯಾಹ್ನ ಅವರ ಹಿತ್ತಲಕಟ್ಟೆಯ ಮೇಲೆ ಓದು. ಅತ್ತೆ ಗಟ್ಟಿಯಾಗಿ ಓದುವರು. ನಮ್ಮಮ್ಮ ಅಕ್ಕಿ ಆರಿಸುತ್ತ, ನಾನು ಓದಿನ ಪುಸ್ತಕ ಮುಂದಿಟ್ಟುಕೊಂಡು ನಾಟಕ ಮಾಡುತ್ತ ಕೇಳುವೆವು. ನಲ್ಲಿ ಹತ್ತಿರ ಕೂತು ಇನ್ನೊಬ್ಬಾಕೆ ಕೇಳುತ್ತಿದ್ದಳು, ಮುಸುರೆ ತಿಕ್ಕಲು ಬರುತ್ತಿದ್ದವಳು. ಅತ್ತೆ ಮನೆ, ಎದುರಿನ ಸಾಹುಕಾರರ ಮನೆ, ಎರಡರಲ್ಲೂ ಅವಳದೇ ಕೆಲಸ. ಕಥೆ ಬಿಗಿಯಾದ ಕಡೆ ಅವಳ ತೆಂಗಿನನಾರು ಪಾತ್ರೆಯ ಮೇಲೆ ನಿಂತುಬಿಡುತ್ತಿತ್ತು.

ಅತ್ತೆಯದೊಂದು ನೇಮವಿತ್ತು. ಕೊನೆಯ ಅಧ್ಯಾಯ ಬಂತೆಂದರೆ ಪುಸ್ತಕ ಮುಚ್ಚುವುದು. ಆ ಹಾಳೆಗಳಿಗೆ ಹೂ ಕಟ್ಟುವ ದಾರ ಸುತ್ತಿ ಗಂಟು ಹಾಕುವುದು. ಕೂತವರೆಲ್ಲ ಕೊಲೆಗಾರ ಯಾರು ಅಂತ ಒಂದೊಂದು ಹೆಸರು ಹೇಳಬೇಕು, ಮರುದಿನ ದಾರ ಬಿಚ್ಚುವುದು, ಸೋತವರು ಮಂಡಕ್ಕಿ ಮಿರ್ಚಿ ತರಿಸುವುದು. ಮುಸುರೆಯಾಕೆ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಿದ್ದಳು. "ಸಾವ್ಕಾರ್ರೇ ಮಾಡಿರ್ತಾರ ಬಿಡ್ರಿ ಅಕ್ಕಾರೆ."

"ಈ ಕಥಿಯಾಗ ಸಾವ್ಕಾರ್ರೇ ಇಲ್ಲಲ್ಲೇ!"

"ಬರ್ತಾರ ತಡೀರಿ. ಎಲ್ಲಿಗೆ ಹೋಗ್ತಾರ!"

ಅವಳು ಒಮ್ಮೆಯೂ ಗೆದ್ದಿರಲಿಲ್ಲ. ಅವಳ ಪಾಲಿನ ಮಿರ್ಚಿಯನ್ನೂ ಅತ್ತೆಯೇ ತರಿಸುತ್ತಿದ್ದರು.

ಅತ್ತೆಗೆ ಹಿಡಿಸದ ಭಾಗ ಒಂದೇ. ಕೊನೆಯಲ್ಲಿ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ, "ಕೊಲೆಗಾರ ಇಲ್ಲೇ ಇದ್ದಾನೆ" ಅಂತ ಬೆರಳು ತೋರಿಸುವುದು ಇರುತ್ತದಲ್ಲ, ಅದನ್ನು ಅವರು ರೈಲಿನ ಹಾಗೆ ಓಡಿಸಿಬಿಡುತ್ತಿದ್ದರು. "ಇಷ್ಟು ಮಂದಿ ಮುಂದೆ ಯಾಕ ಹೇಳ್ಬೇಕು? ಅವನ ಹೆಂಡ್ತಿ ಮಕ್ಕಳು ಅಲ್ಲೇ ಕುಂತಿರ್ತಾವಲ್ಲ..."

ಆ ಬೇಸಿಗೆಯಲ್ಲಿ ಎದುರುಮನೆಯ ಹಿರಿಯ ಸಾಹುಕಾರರು ತೀರಿಕೊಂಡರು. ಜವಳಿ ವ್ಯಾಪಾರದವರು, ದೊಡ್ಡ ಮನೆತನ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಶಾಲು ಹೊದಿಸುತ್ತಾರೆ. ಜೀವಮಾನವಿಡೀ ಕೊರಳಲ್ಲಿದ್ದ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಹಾಗೇ ಮಣ್ಣು ಮಾಡುತ್ತಾರೆ. ಲಿಂಗ ಇಟ್ಟುಕೊಳ್ಳುತ್ತಿದ್ದ ಬೆಳ್ಳಿಯ ಕರಡಿಗೆ ಮನೆಯಲ್ಲಿ ಉಳಿಯುತ್ತದೆ. ಸಾಹುಕಾರರ ಕರಡಿಗೆ ಹಿರೇ ಮೊಮ್ಮಗನಿಗೆ ಸೇರಬೇಕಿತ್ತು. ಹೆಣ ಎತ್ತಿದ ಮೇಲೆ ನೋಡಿದರೆ ಗೋಡೆಯ ಗೂಡಿನಲ್ಲಿ ಬಿಚ್ಚಿಟ್ಟಿದ್ದ ಕರಡಿಗೆ ಇಲ್ಲ.

ಆ ಕೋಣೆ ತೊಳೆದವಳು ಮುಸುರೆಯಾಕೆ. ಇನ್ನೇನು ಬೇಕು?

ಪೊಲೀಸರಿಗೆ ಹೇಳಲಿಲ್ಲ. ದೊಡ್ಡ ಮನೆತನ ನೋಡಿ, ಮರ್ಯಾದೆ. ಹಿರಿಮಗ ಅವಳನ್ನು ಕರೆಸಿ, "ಶುಕ್ರವಾರ ಉಕ್ಕಡಗಾತ್ರಿಗೆ ಹೋಗೋಣು. ಹೊಳ್ಯಾಗ ಮುಳುಗಿ ಅಜ್ಜಯ್ಯನ ಮುಂದೆ ಆಣಿ ಮಾಡು. ಮುಗೀತು" ಅಂದನಂತೆ. ಅಲ್ಲಿನ ಅಜ್ಜಯ್ಯ ಕರಿಬಸವೇಶ್ವರನ ಮುಂದೆ ಸುಳ್ಳು ಹೇಳಿ ಬದುಕಿದವರಿಲ್ಲ ಅಂತ ನಮ್ಮ ಕಡೆ ನಂಬಿಕೆ.

ಅವಳು ಅತ್ತೆಯ ಹಿತ್ತಲಿಗೆ ಬಂದು ಕೂತಳು. ಅಳಲಿಲ್ಲ. ನಾರು ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು. "ಆಣಿಗೆ ಹೆದ್ರಂಗಿಲ್ರಿ ಅಕ್ಕಾರೆ. ತಗಂಡಿಲ್ಲ ಅಂದ್ಮ್ಯಾಲೆ ಅಜ್ಜಯ್ಯ ನನಗೇನು ಮಾಡ್ತಾನ? ಮಗಳ ಮಾತುಕತಿ ನಡದೈತ್ರಿ. ಗಂಡಿನ ಕಡೆಯೋರು ಏನಂತಾರ? ತಗಂಡಿಲ್ಲ ಅಂತ ಆಣಿ ಮಾಡಿದ್ಲು ಅನ್ನಂಗಿಲ್ಲ. ಆಣಿ ಮಾಡ್ಸಾಕ ಕರ್ಕಂಡು ಹೋಗಿದ್ರು ಅಂತಾರ."

ನಿಜ ಹೇಳಿದರೂ ಅವಳು ಕಳ್ಳಿಯೇ. ಪುಸ್ತಕಗಳಲ್ಲಿ ಎಲ್ಲರೂ ಮೊದಲು ಅನುಮಾನಪಡುವುದು ಕೆಲಸದವಳನ್ನು, ಕೊನೆಗೆ ಅವಳು ತಪ್ಪಿತಸ್ಥಳಲ್ಲ ಅಂತ ಆಗಿಯೇ ಆಗುತ್ತದೆ. ನಮ್ಮ ಓಣಿಯಲ್ಲಿ ಆ ಕೊನೆಯ ಅಧ್ಯಾಯ ಬರೆಯುವವರು ಯಾರು?

ಮರುದಿನ ಅತ್ತೆ ರೊಟ್ಟಿ, ಪಲ್ಯ, ಮೊಸರನ್ನದ ಬುತ್ತಿ ಕಟ್ಟಿದರು. ಸಾವಾದ ಮನೆಗೆ ಅಕ್ಕಪಕ್ಕದವರು ಬುತ್ತಿ ಒಯ್ಯುವುದು ನಮ್ಮಲ್ಲಿ ವಾಡಿಕೆ. ನನ್ನನ್ನೂ ಕರೆದುಕೊಂಡು ಹೋದರು. ಪಡಸಾಲೆಯಲ್ಲಿ ಎಲ್ಲರ ಬಾಯಲ್ಲೂ ಕರಡಿಗೆಯ ಮಾತು. ಸೊಸೆಯಂದಿರು ಗೂಡು ತೋರಿಸುತ್ತಾರೆ, ಹೆಣ್ಣುಮಕ್ಕಳು ಅದು ಎಷ್ಟು ಚೆಂದವಿತ್ತು ಅನ್ನುತ್ತಾರೆ, ಬೀಗರು ನಿಟ್ಟುಸಿರು ಬಿಡುತ್ತಾರೆ. ಸಾಹುಕಾರರ ಹೆಂಡತಿ, ಆ ಮನೆಯ ಅಜ್ಜಿ, ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ಅತ್ತೆ ಬಹಳ ಹೊತ್ತು ಕೂತರು. ಒಬ್ಬೊಬ್ಬರ ಮಾತನ್ನೂ ಕೇಳಿಸಿಕೊಂಡರು.

ಹೊರಗೆ ಬಂದ ಮೇಲೆ ನನ್ನನ್ನು ಕೇಳಿದರು. "ಅಷ್ಟು ಮಂದ್ಯಾಗ ಕರಡಿಗಿ ಎಲ್ಲಿ ಹೋತು ಅಂತ ಕೇಳದೇ ಇದ್ದೋರು ಯಾರು, ನೋಡಿದೇನು?"

ಮೂಲೆಯ ಅಜ್ಜಿ ನೆನಪಾದರು. ಪುಸ್ತಕದಲ್ಲಾದರೆ ಇದೇ ಜಾಗದಲ್ಲಿ ಅವರು ದಾರ ಸುತ್ತುತ್ತಿದ್ದರು.

"ಹಿರಿಮಗನಿಗೆ ಹೇಳ್ರಿ ಮತ್ತೆ! ಈಗ್ಲೇ ಹೇಳ್ರಿ!" ಅಂದೆ.

"ಸತ್ತೋರ ಮನೀಗೆ ಬುತ್ತಿ ತಗಂಡು ಹೋಗ್ಬೇಕವ್ವ. ನ್ಯಾಯ ತಗಂಡು ಹೋಗ್ಬಾರ್ದು."

ಗುರುವಾರ ಮತ್ತೆ ಬುತ್ತಿ, ಮತ್ತೆ ನಾನು ಜೊತೆಗೆ. ಈ ಸಲ ಅತ್ತೆ ನೇರ ಅಜ್ಜಿಯ ಪಕ್ಕ ಹೋಗಿ ಕೂತರು. ರೊಟ್ಟಿ ಮುರಿದು ಮೊಸರಿನಲ್ಲಿ ನೆನೆಸಿ ಕೈಗೆ ಕೊಟ್ಟರು. ಆಮೇಲೆ, ಹವಾಮಾನದ ಸುದ್ದಿ ಹೇಳಿದ ಹಾಗೆ, "ಅವ್ವಾರೆ, ಮುಸುರಿ ತಿಕ್ಕಾಕಿನ ನಾಳೆ ಉಕ್ಕಡಗಾತ್ರಿಗೆ ಕರ್ಕಂಡು ಹೋಗ್ತಾರಂತ್ರಿ. ಆಣಿ ಮಾಡ್ಸಾಕ" ಅಂದರು. ಅಷ್ಟೇ.

ಅಜ್ಜಿಯ ಕೈ ಬಾಯಿಯ ಹತ್ತಿರ ನಿಂತುಬಿಟ್ಟಿತು. ಅವರಿಗೆ ಈ ಸಂಗತಿ ಯಾರೂ ಹೇಳಿರಲಿಲ್ಲ. ಮನೆಯ ಯಜಮಾನಿ ಅನ್ನುವುದು ಹೆಸರಿಗೆ ಮಾತ್ರ, ಗಂಡ ಹೋದ ದಿನದಿಂದ ಆಕೆಯ ಕಿವಿಗೆ ಯಾರೂ ಏನೂ ಹಾಕುತ್ತಿರಲಿಲ್ಲ. ಅತ್ತೆ ಎದ್ದು ಬಂದರು. ನನಗೆ ಸಿಟ್ಟೇ ಬಂತು. ಇಷ್ಟು ಪುಸ್ತಕ ಓದಿ ಇಷ್ಟೇನಾ ಅನ್ನಿಸಿತು...

ಶುಕ್ರವಾರ ಬೆಳಗ್ಗೆ ಎದುರುಮನೆ ಮುಂದೆ ಮಾರುತಿ ವ್ಯಾನು ನಿಂತಿತ್ತು. ಮುಸುರೆಯಾಕೆ ಒಗೆದ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಗೇಟಿನ ಹೊರಗೆ ನಿಂತಿದ್ದಳು. ಕಿಟಕಿ ಕಿಟಕಿಯಲ್ಲೂ ಮುಖಗಳು. ನಮ್ಮ ಕಿಟಕಿಯಲ್ಲೂ. ಆಗ ಒಳಗಿನಿಂದ ಅಜ್ಜಿ ಒಬ್ಬರೇ ಗೋಡೆ ಹಿಡಿದುಕೊಂಡು ಬಂದರು. ಮೆಟ್ಟಿಲಿಳಿದು, ಯಾರ ಮುಖವನ್ನೂ ನೋಡದೆ, ವ್ಯಾನಿನ ಬಾಗಿಲು ತಾವೇ ಎಳೆದು ಒಳಗೆ ಕೂತರು.

"ಅವ್ವಾ, ನೀ ಎಲ್ಲಿಗೆ?" ಹಿರಿಮಗ ಓಡಿಬಂದ.

"ಉಕ್ಕಡಗಾತ್ರಿಗೆ. ಆಣಿ ನಾ ಮಾಡ್ತೀನಿ, ನಡೀ."

"ನೀ ಯಾಕ ಆಣಿ ಮಾಡ್ತಿ?"

"ಕರಡಿಗಿ ನಿಮ್ಮಪ್ಪನ ಸಂಗಾಟ ಕಳಿಸೀನಿ. ಬಿಲ್ವಪತ್ರಿ ಇಡೋವಾಗ ಶಾಲಿನೊಳಗೆ ಇಟ್ಟೆ. ಜೀವಮಾನ ಎಲ್ಲಾ ಎದಿ ಮ್ಯಾಲಿತ್ತಲ್ಲೋ, ಲಿಂಗಯ್ಯನ ಮನಿ ಅದು. ಬರೇ ಕೈಯಾಗ ಹೆಂಗೆ ಕಳಿಸ್ಲಿ? ಬೇಕಾದ್ರೆ ಹೋಗಿ ಅಗೀರಿ."

ಡ್ರೈವರ್ ಇಂಜಿನ್ ಆಫ್ ಮಾಡಿದ. ಮುಸುರೆಯಾಕೆ ಗೇಟು ದಾಟಿ ಒಳಗೆ ಹೋದಳು. ಅಜ್ಜಿಯ ಕೈ ಹಿಡಿದು ವ್ಯಾನಿನಿಂದ ಇಳಿಸಿದಳು. ಮೆಟ್ಟಿಲು ಹತ್ತಿಸಿ ಬಿಟ್ಟು, ಹೊರಗೆ ಬಂದಳು. ಆ ಮನೆಯ ಕೆಲಸಕ್ಕೆ ಅವಳು ಮತ್ತೆ ಹೋಗಲಿಲ್ಲ. ಎರಡು ಸಲ ಹೇಳಿಕಳಿಸಿದರು, ಹೋಗಲಿಲ್ಲ. ಮಗಳ ಮದುವೆ ಶ್ರಾವಣದಲ್ಲಿ ಆಯಿತು. ನಾವೆಲ್ಲ ಉಂಡು ಬಂದೆವು.

ಕರಡಿಗೆ ವಿಷಯ ಅತ್ತೆಗೆ ಮೊದಲೇ ಗೊತ್ತಿತ್ತು ಅಂತ ಓಣಿಯಲ್ಲಿ ಯಾರಿಗೂ ತಿಳಿಯಲಿಲ್ಲ. ನನ್ನ ಬಾಯಿಗೂ ಅವರೇ ಬೀಗ ಹಾಕಿದರು. ಮುಸುರೆಯಾಕೆಗೆ ಮಾತ್ರ ಹೇಗೋ ಗೊತ್ತಾಗಿತ್ತು. ನಲ್ಲಿಯ ಹತ್ತಿರ ಕೂತು ಅಷ್ಟು ಕಥೆ ಕೇಳಿದವಳಲ್ಲವೇ?

ಮುಂದಿನ ವರ್ಷವೇ ಅತ್ತೆ ಮಲಗಿದರು. ಹೊಟ್ಟೆಯಲ್ಲಿ ಗಡ್ಡೆ. ತಡವಾಗಿತ್ತು. ಕಡೆಗಾಲದಲ್ಲಿ ಪುಸ್ತಕ ಹಿಡಿಯಲು ತ್ರಾಣವಿರಲಿಲ್ಲ, ನಾನು ಓದುತ್ತಿದ್ದೆ. ಮುಸುರೆಯಾಕೆ ಕೆಲಸ ಮುಗಿದರೂ ಮನೆಗೆ ಹೋಗದೆ ಕಾಲು ಒತ್ತುತ್ತ ಕೂತಿರುತ್ತಿದ್ದಳು. ಕೊನೆಯ ಪುಸ್ತಕ ಇದೇ, ಹಳದಿ ರಟ್ಟಿನದು. ಸಣ್ಣ ಊರಿನ ಛತ್ರ, ಅಲ್ಲಿ ತಂಗಿದ್ದ ಒಬ್ಬರ ಟೀಯಲ್ಲಿ ವಿಷ. ಕೊನೆಯ ಅಧ್ಯಾಯಕ್ಕೆ ಬಂದಾಗ ಅತ್ತೆ ಕೈಸನ್ನೆ ಮಾಡಿದರು. ಮುಚ್ಚಿದೆ. ದಾರ ಸುತ್ತಿದೆ.

"ಡಾಕ್ಟ್ರ ಹೆಂಡ್ತಿ" ಅಂದರು ಅತ್ತೆ. ಅವರ ಊಹೆ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ನಾನು ಪೋಸ್ಟ್‌ಮಾಸ್ತರ ಅಂದೆ.

"ಛತ್ರದ ಸಾವ್ಕಾರ್ರು" ಅಂದಳು ಅವಳು, ಕಾಲು ಒತ್ತುವುದು ನಿಲ್ಲಿಸದೆ.

ಅತ್ತೆ ನಕ್ಕರು. ನಕ್ಕರೆ ನೋಯುತ್ತಿತ್ತು, ಆದರೂ ನಕ್ಕರು. "ಈ ಸಲಾನೂ ಸೋಲ್ತಿ ಬಿಡವ್ವ."

ದಾರ ಬಿಚ್ಚುವ ದಿನ ಬರಲಿಲ್ಲ.

ಪಡಸಾಲೆಯಲ್ಲಿ ಅತ್ತೆಯನ್ನು ಕೂರಿಸಿದ್ದರು. ವಿಭೂತಿ, ಕುಂಕುಮ, ಹಸಿರು ಸೀರೆ, ಮೇಲೆ ಶಾಲು. ಹೆಣ್ಣುಮಕ್ಕಳು ಸಾಲಾಗಿ ಬಂದು ಬಿಲ್ವಪತ್ರೆ ಇಟ್ಟು ಹೋಗುತ್ತಿದ್ದರು. ಮುಸುರೆಯಾಕೆಯೂ ಬಂದಳು. ಬಗ್ಗಿದಾಗ ಸೆರಗಿನ ಅಡಿಯಿಂದ ಏನೋ ಹಳದಿ ಬಣ್ಣದ್ದು ಶಾಲಿನೊಳಗೆ ಸರಿದು ಹೋಯಿತು. ತಲೆಯೆತ್ತಿದಳು. ನಾನು ಎದುರಿಗೇ ನಿಂತಿದ್ದೆ. ಅವಳ ಕಣ್ಣು ನನ್ನನ್ನು ಏನೂ ಬೇಡಿಕೊಳ್ಳಲಿಲ್ಲ. ಸುಮ್ಮನೆ ನೋಡಿದಳು, ಮುಂದೆ ಹೋದಳು. ಸಿಕ್ಕಿಬಿದ್ದಿದ್ದರೆ ಏನಾಗುತ್ತಿತ್ತು ಅಂತ ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಆದರೂ ಇಟ್ಟಳು.

ಮಣ್ಣು ಮಾಡುವಾಗ ಗಂಡಸರು ಯಾರಾದರೂ ನೋಡಿದರೋ, ನನಗೆ ಗೊತ್ತಿಲ್ಲ. ನೋಡಿದ್ದರೂ ಹೇಳಲಿಲ್ಲ.

ಕೆಲವು ದಿನದ ಮೇಲೆ ಅತ್ತೆಯ ಗಂಡ ಪುಸ್ತಕ ಹುಡುಕಿದರು. ಲೈಬ್ರರಿಯದು, ಹಿಂದಿರುಗಿಸಬೇಕಿತ್ತು. ಹಾಸಿಗೆ ಝಾಡಿಸಿದರು, ಕಪಾಟು ತೆಗೆದರು. ನಮ್ಮಮ್ಮನೂ ಸೇರಿಕೊಂಡಳು. "ಇಲ್ಲೇ ಇತ್ತಲ್ಲ, ಎಲ್ಲಿ ಹೋತು? ಯಾರಾದ್ರೂ ಒಯ್ದ್ರೇನು?" ಅಂತ ಎಲ್ಲರೂ ಒಬ್ಬರನ್ನೊಬ್ಬರು ಕೇಳಿಕೊಂಡರು. ನಾನು ಕೇಳಲಿಲ್ಲ. ನಲ್ಲಿಯ ಹತ್ತಿರ ಅವಳೂ ಕೇಳಲಿಲ್ಲ. ಅತ್ತೆಯ ಗಂಡ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಹಿತ್ತಲ ಕಡೆ ನೋಡಿದರು. ಆ ಮನೆಗೆ ಅಷ್ಟು ಪುಸ್ತಕ ಹೊತ್ತು ತಂದವರು ಅವರೇ ಅಲ್ಲವೇ... ಕಪಾಟು ಮುಚ್ಚಿ, "ಹೋಗ್ಲಿ ಬಿಡ್ರಿ" ಅಂದರು.

ನಿನ್ನೆ ಮಧ್ಯಾಹ್ನ ಕೂತು ಇಡೀ ಪುಸ್ತಕ ಮೊದಲಿನಿಂದ ಓದಿದೆ. ಕೊನೆಯ ಅಧ್ಯಾಯಕ್ಕೆ ಬಂದು ಮುಚ್ಚಿದೆ. ದಾರ ಸುತ್ತಲಿಲ್ಲ, ನನ್ನ ಹತ್ತಿರ ಹೂ ಕಟ್ಟುವ ದಾರವೂ ಇಲ್ಲ ಈಗ. ಇವತ್ತು ಬೆಳಗ್ಗೆ ತೆಗೆದೆ.

ಡಾಕ್ಟರ ಹೆಂಡತಿಯಲ್ಲ. ಪೋಸ್ಟ್‌ಮಾಸ್ತರನೂ ಅಲ್ಲ. ಛತ್ರದ ಸಾಹುಕಾರ.

ಒಂದು ಗಳಿಗೆ ಜೋರಾಗಿ ನಕ್ಕೆ. ಮುಸುರೆಯಾಕೆಯ ಮಗಳ ನಂಬರ್ ಇತ್ತು, ಫೋನ್ ಮಾಡಿದೆ. "ಅವ್ವ ಹೋದ ಉಗಾದಿಗೇ ಹೋದ್ಲು ಅಕ್ಕಾರೆ, ನಿಮಗೆ ಗೊತ್ತಿರ್ಲಿಲ್ಲೇನು?" ಅಂದಳು. ಏನು ವಿಷಯ ಅಂತ ಕೇಳಿದಳು. ಏನಿಲ್ಲವ್ವ, ಸುಮ್ಮನೆ ನೆನಪಾಯಿತು ಅಂದೆ. ಅತ್ತೆ ಸೋತಿದ್ದರು, ನಾನೂ ಸೋತಿದ್ದೆ. ಮಂಡಕ್ಕಿ ಮಿರ್ಚಿ ನಾವು ತರಿಸಬೇಕಿತ್ತು.