ಬರುವ ಭಾನುವಾರಕ್ಕೆ ಮುಗಿದ ಗೆರೆ

ಚಂದ್ರಾ ಲೇಔಟಿನ ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರ ಸಂಜೆ ಸತ್ಯವೇದ ಪಾಠ ಹೇಳುತ್ತಿದ್ದವರು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಯಾರು ಏನು ಹೇಳಿದರೂ ಕನ್ನಡಕವನ್ನು ಹಣೆಗೇರಿಸಿ "ನೋಡೋಣ" ಅನ್ನುತ್ತಿದ್ದರು. ಕಾಫಿಗೆ ಸಕ್ಕರೆ ಹಾಕಿದೀನಿ ಅಂದರೂ ನೋಡೋಣ.

ಬೈಬಲ್ ಸಾಫ್ಟ್‌ವೇರಿನಲ್ಲಿದ್ದ ಯೆಹೂದದ ಅರಸರ ಕಾಲರೇಖೆಯನ್ನು ಅವರು ತಮಗೆ ಬೇಕಾದ ಹಾಗೆ ತಿದ್ದಿಕೊಂಡಿದ್ದರು. ಒಳ್ಳೆಯ ಅರಸನಿಗೆ ಹಸಿರು ಗೆರೆ, ಕೆಟ್ಟವನಿಗೆ ಕಪ್ಪು. ಅದನ್ನು ನಮ್ಮ ವಾಟ್ಸಾಪ್ ಗ್ರೂಪಿಗೂ ಕಳಿಸುತ್ತಿದ್ದರು. ಒಮ್ಮೆ ಕೈತಪ್ಪಿ, ತಮಗೆಂದೇ ಇಟ್ಟುಕೊಂಡಿದ್ದ ಪ್ರತಿಯನ್ನು ಕಳಿಸಿಬಿಟ್ಟರು. ಅದರಲ್ಲಿ ಅರಸರ ಕೆಳಗೆ ನಮ್ಮೆಲ್ಲರ ಹೆಸರಿತ್ತು. ಪಾಠಕ್ಕೆ ಸೇರಿದ ದಿನದಿಂದ ಬಿಟ್ಟುಹೋದ ದಿನದವರೆಗೆ ಒಬ್ಬೊಬ್ಬರಿಗೂ ಒಂದು ಗೆರೆ. ನಾನಿನ್ನೂ ಬಿಟ್ಟಿರಲೇ ಇಲ್ಲ. ಆದರೂ ನನ್ನ ಗೆರೆ ಬರುವ ಭಾನುವಾರಕ್ಕೆ ಮುಗಿದಿತ್ತು.

ಮೈಯೆಲ್ಲ ಉರಿಯಿತು. ಆ ಭಾನುವಾರ ಎಲ್ಲರಿಗಿಂತ ಮೊದಲೇ ಹೋಗಿ ಅವರ ಎದುರಿಗೇ ಕೂತೆ.

"ನಾನೆಲ್ಲೂ ಹೋಗಲ್ಲ ಸಾರ್," ಅಂದೆ.

ಅವರು ನನ್ನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು. ಲ್ಯಾಪ್‌ಟಾಪ್ ತೆರೆದು, ನನ್ನ ಗೆರೆಯನ್ನು ಸರಿಯಾಗಿ ಒಂದು ವಾರ ಮುಂದಕ್ಕೆ ಎಳೆದರು.

"ನೋಡೋಣ ಸಿಸ್ಟರ್."