ಹೆಗಲ ಮೇಲೆ ಪುಟ್ಟಿಯ ಪ್ರದಕ್ಷಿಣೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಬೈಸಿಕೊಂಡೆ. ನಮ್ಮ ಪುಟ್ಟಿ ಪಗ್ ನಾಯಿ. ಟಿವಿ ಜಾಹೀರಾತಿನಲ್ಲಿ ಹುಡುಗನ ಹಿಂದೆಯೇ ಓಡಾಡುತ್ತಿತ್ತಲ್ಲ, ಅದೇ ಜಾತಿ. ಹತ್ತು ವರ್ಷದಿಂದ ಅವಳೂ ನನ್ನ ಹಿಂದೆಯೇ ಅರಳಿಮರ ಸುತ್ತಿದ್ದಾಳೆ. ಇವತ್ತು ಮೂರನೇ ಸುತ್ತಿಗೆ ಉಸಿರು ಸಿಗದೆ ಕುಳಿತುಬಿಟ್ಟಳು. ಆ ಚಪ್ಪಟೆ ಮೂಗಿಗೆ ಇನ್ನು ಔಷಧಿ ಇಲ್ಲ, ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಮೊನ್ನೆಯೇ ಹೇಳಿದ್ದರು. ಎತ್ತಿ ಹೆಗಲಿಗೆ ಹಾಕಿಕೊಂಡು ಸುತ್ತತೊಡಗಿದೆ.

"ನಾಯಿ ಎತ್ಕೊಂಡು ಪ್ರದಕ್ಷಿಣೆ ಹಾಕ್ತೀರಲ್ಲ, ಇದ್ರಿಂದ ನಿಮಗೇನೂ ಪುಣ್ಯ ಬರಲ್ಲ ಕಣ್ರೀ" ಎಂದರು ಪಕ್ಕದ ಮನೆಯ ಶಾರದಮ್ಮ.

"ಅವಳಿಗೇ ಬರಲಿ ಬುಡಿ. ನಾನು ನಾಳೆ ಬಂದು ಸುತ್ಕೋತೀನಿ" ಎಂದೆ.

ಉಳಿದ ಸುತ್ತುಗಳಲ್ಲಿ ಶ್ಲೋಕ ಒಂದೂ ನೆನಪಾಗಲಿಲ್ಲ. ಕಿವಿಯೆಲ್ಲ ಅವಳ ಗೊರಗೊರ ಉಸಿರಿನ ಕಡೆಗೇ ಇತ್ತು. ಶಾರದಮ್ಮ ಹೇಳಿದಂತೆ ಪುಣ್ಯವಂತೂ ಬಂದಿರಲಾರದು.