ಜೋಡವಿ ತೊಟ್ಟ ಗುಬ್ಬಿ

ಫ್ಯಾನ್ ರಿಪೇರಿಗೆ ಬಂದವನು ವೈರಿನ ಕೆಂಪು ಸಿಪ್ಪೆ ಸುಲಿದು ನೆಲಕ್ಕೆ ಹಾಕಿದ. ಗುಡಿಸಲು ಬಾಗಿದವಳು ಹಾಗೇ ಕುಳಿತುಬಿಟ್ಟೆ... ತೊಂಬತ್ತರ ದಶಕದ ಶುರುವಿನಲ್ಲಿ, ಏಕಸಂಬಿಯ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು ಇಂಥದೇ ಕೆಂಪು, ನೀಲಿ ಸಿಪ್ಪೆ ಕತ್ತರಿಸಿ, ಕ್ಲಾಸಿನೊಳಗೆ ಗೂಡು ಕಟ್ಟಿದ ಗುಬ್ಬಿಗಳನ್ನು ಹಿಡಿದು ಕಾಲಿಗೆ ತೊಡಿಸುತ್ತಿದ್ದರು. ಯಾವ ಗುಬ್ಬಿ ಯಾವುದೆಂದು ಗುರುತು ಸಿಗಲಿ ಎಂದಷ್ಟೇ.

ಊರ ಹೆಂಗಸರಿಗೆ ಕಂಡದ್ದು ಬೇರೆ. ಕಾಲಲ್ಲಿ ಉಂಗುರವಿದ್ದರೆ ಲಗ್ನವಾಗಿದೆ ಎಂದೇ ಅರ್ಥ; ನಮ್ಮ ಕಡೆ ಅದಕ್ಕೆ ಜೋಡವಿ ಎನ್ನುತ್ತಾರೆ. ಅಕ್ಕೋರು ಗುಬ್ಬಿಗಳಿಗೆ ಲಗ್ನ ಮಾಡಿಸಿದ್ದಾರೆಂದು ನಕ್ಕರು. ಮುಂದೆ ಕೆಂಪುಂಗುರದ ಹೆಣ್ಣು ತನ್ನ ನೀಲಿಯುಂಗುರದ ಗಂಡನ್ನು ಬಿಟ್ಟು, ಶಾಲೆಯ ಮಾಡಿನ ತಗಡಿನ ಮೇಲೆ ಇನ್ನೊಂದರ ಜೊತೆ ಕೂಡಿದ್ದನ್ನು ಕಂಡಾಗ ನಗು ನಿಂತಿತು. ಜೋಡವಿ ಹಾಕಿಕೊಂಡು ಮಾಡುವ ಕೆಲಸವೇ ಇದು ಎಂದು ಅವರು ಬೈದದ್ದು ಗುಬ್ಬಿಯನ್ನಲ್ಲ, ನನ್ನ ಅವ್ವನನ್ನು. ನಾನು ಅಪ್ಪನ ಮಗಳಲ್ಲವೆಂಬ ಮಾತು ಊರಲ್ಲಿ ಮೊದಲೇ ಇತ್ತು.

ಅಕ್ಕೋರು ಮುಚ್ಚಿಡಲಿಲ್ಲ. ಜೋಡಿಯಾಗಿ ಬಾಳುವ ಹಕ್ಕಿಗಳಲ್ಲೂ ಒಂದೇ ಗೂಡಿನ ಮರಿಗಳಿಗೆ ಬೇರೆ ಬೇರೆ ತಂದೆ ಇರಬಹುದು, ಹೊರದೇಶದವರು ರಕ್ತ ನೋಡಿ ಕಂಡುಕೊಂಡಿದ್ದಾರೆ ಎಂದು ಪಾಠದಲ್ಲೇ ಹೇಳಿದರು. ಇಡೀ ಕ್ಲಾಸು ನನ್ನತ್ತ ತಿರುಗಿತು. ಅವತ್ತು ಅವರ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು ನನಗೆ.

ಸುದ್ದಿ ಅಪ್ಪನ ಕಿವಿಗೂ ಬಿತ್ತು. ಈ ಹುಡುಗಿಯನ್ನು ಅವಳ ಅವ್ವನ ತವರೂರಾದ ಸತ್ತಿಗೆ ಅಟ್ಟಿಬಿಡು ಎಂದು ಕಾಕಂದಿರು ಬೆನ್ನು ಹತ್ತಿದ್ದ ದಿನಗಳವು. ಅಪ್ಪ ಶಾಲೆಗೇ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ನಾನು ಅಲ್ಲೇ ನಿಂತಿದ್ದರೂ ಕೇಳಿದ.

"ಅಕ್ಕೋರ, ಹಂಗಾರ ಮನಷ್ಯಾರ ರಕ್ತ ನೋಡಿನೂ ಹೇಳಾಕ ಬರ್ತೈತೇನ್ರಿ?"

ಬರುತ್ತದೆ ಎಂದರು ಅಕ್ಕೋರು. ಸುಳ್ಳು ಹೇಳುವ ಹೆಂಗಸೇ ಅಲ್ಲ. ಆಮೇಲೆ ಅಪ್ಪನನ್ನು ಗೂಡಿನ ಕೆಳಗೆ ಕರೆದು ನಿಲ್ಲಿಸಿದರು. ನೀಲಿಯುಂಗುರದ ಗಂಡು ಹುಳ ಕಚ್ಚಿ ತಂದು ಮರಿಗಳ ಬಾಯಿಗೆ ಇಡುತ್ತಿತ್ತು.

"ಅದಕ್ಕೇನೂ ಗೊತ್ತಿಲ್ರಿ, ಉಣಸಾಕತ್ತೈತಿ. ನೀವು ಊರ ಮಾತೆಲ್ಲಾ ಕೇಳ್ಕೊಂಡೂ ಹದಿನಾಕು ವರ್ಷ ಉಣಿಸೀರಿ. ಇನ್ನ ರಕ್ತ ಏನ್ ಹೇಳಬೇಕ್ರಿ ನಿಮಗ?"

ಅಪ್ಪ ನನ್ನ ಪಾಟಿಚೀಲ ತನ್ನ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ. ಸತ್ತಿಯ ಮಾತು ಮತ್ತೆ ಏಳಲಿಲ್ಲ...

ಅಪ್ಪ ಹೋಗಿ ಬಹಳ ವರ್ಷಗಳಾದವು. ಮೊನ್ನೆ ಕಾಕನ ಮಗ ಹೊಲದ ಪಾಲಿನ ಮಾತೆತ್ತಿ, ಮೊದಲು ಆ ರಕ್ತದ ಪರೀಕ್ಷೆ ಮಾಡಿಸು, ಈಗ ಸುಲಭವಂತೆ ಎಂದ. ಮಾಡಿಸುವುದಿಲ್ಲ ಎಂದೆ. ಅವ್ವ ಯಾರಿಗೂ ಉತ್ತರ ಕೊಡಬೇಕಾಗಿಲ್ಲ, ನಾನೂ ಕೊಡಬೇಕಾಗಿಲ್ಲ. ನಾನು ಯಾರ ಮಗಳೆಂದು ನನ್ನ ಅಪ್ಪ ತೀರ್ಮಾನ ಮಾಡಿಯೇ ಹೋಗಿದ್ದಾನೆ ಎಂದು ಬಾಗಿಲು ತೋರಿಸಿದೆ. ಇದನ್ನು ಅಕ್ಕೋರಿಗೆ ಹೇಳಬೇಕೆನಿಸಿ ನಂಬರು ಹುಡುಕಿ ಫೋನ್ ಮಾಡಿದೆ. ಎತ್ತಿದ ಅವರ ತಂಗಿ, ಅಕ್ಕ ತೀರಿಕೊಂಡು ವರ್ಷವಾಯಿತು ಎಂದರು.